ಶಕ್ತಿ, ಸಾಮರ್ಥ್ಯ ಮತ್ತು ಅವುಗಳ ಸಾಗಾಟ

“ನಿಮ್ಮ ತೋಟದ ಪಂಪು ಎಷ್ಟರದ್ದು?” ಎಂದು ಯಾರನ್ನಾದರೂ ಕೇಳಿದರೆ “ಐದು ಎಚ್.ಪಿ.” ಎಂಬ ಉತ್ತರ ಥಟ್ಟನೆ ಬರುತ್ತದೆ. “ಈ ಸಲ ಕರೆಂಟು ಎಷ್ಟು ಖರ್ಚಾಯಿತು?” ಎಂದರೆ “ಇಷ್ಟು ಯೂನಿಟು” ಎನ್ನುತ್ತಾರೆ. ಎಚ್.ಪಿ., ಯೂನಿಟು ಎರಡೂ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ನಿತ್ಯ ಬಳಕೆಯ ಮಾತುಗಳು. ಆದರೆ ಇವು ಒಂದೇ ಜಾತಿಯ ಅಳತೆಗಳಲ್ಲ ಎಂಬುದು ಹತ್ತನೆಯ ತರಗತಿಯನ್ನು ದಾಟಿದವರಿಗೂ ಅನೇಕ ವೇಳೆ ಸ್ಪಷ್ಟವಾಗಿರುವುದಿಲ್ಲ. ಮೊದಲನೆಯದು ಸಾಮರ್ಥ್ಯದ ಅಳತೆ. ಎರಡನೆಯದು ಶಕ್ತಿಯ ಅಳತೆ.

ಈ ಗೊಂದಲಕ್ಕೆ ನಮ್ಮ ಮಾತಿನ ರೂಢಿಯೂ ಸ್ವಲ್ಪ ಕಾರಣ. ಎಚ್.ಪಿ.ಯನ್ನು ನಾವು ‘ಅಶ್ವಶಕ್ತಿ’ ಎನ್ನುತ್ತೇವೆ. ಅದು ಅಳೆಯುವುದಾದರೋ ಶಕ್ತಿಯನ್ನಲ್ಲ, ಸಾಮರ್ಥ್ಯವನ್ನು. ‘ಅಶ್ವಸಾಮರ್ಥ್ಯ’ ಎಂಬ ಪಠ್ಯಪುಸ್ತಕದ ಮಾತು ನಾಲಿಗೆಗೆ ಸ್ವಲ್ಪ ತೊಡಕಾದರೂ ಅದೇ ಸರಿಯಾದುದು.

ಹದಿನೈದು ಲೀಟರು ನೀರಿರುವ ಕೊಡಪಾನವನ್ನು ಆರು ಮೀಟರು ಆಳದ ಬಾವಿಯಿಂದ ಸೇದುತ್ತೇವೆ ಎಂದಿಟ್ಟುಕೊಳ್ಳೋಣ. ಒಂದು ಲೀಟರು ನೀರಿನ ರಾಶಿ ಒಂದು ಕಿಲೋಗ್ರಾಂ. ಅದರ ತೂಕ 9.8 ನ್ಯೂಟನ್. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ. ಆದುದರಿಂದ ಇಲ್ಲಿ ನಡೆದ ಕೆಲಸ 15 × 9.8 × 6, ಅಂದರೆ 882 ಜೂಲ್. ಅಣ್ಣ ಹತ್ತು ಸೆಕೆಂಡಿನಲ್ಲಿ ಸೇದಿದರೂ, ಪುಟ್ಟ ತಂಗಿ ಅರ್ಧ ನಿಮಿಷ ಏದುಸಿರು ಬಿಡುತ್ತ ಸೇದಿದರೂ ಈ 882 ಬದಲಾಗುವುದಿಲ್ಲ. ಇದು ಶಕ್ತಿಯ ಲೆಕ್ಕ. ಆದರೆ ಅಣ್ಣ ಸೆಕೆಂಡಿಗೆ 88 ಜೂಲಿನಂತೆ ಕೆಲಸ ಮಾಡಿದ; ತಂಗಿ ಸೆಕೆಂಡಿಗೆ 29 ಜೂಲಿನಂತೆ. ಕೆಲಸ ನಡೆಯುವ ಈ ದರವೇ ಸಾಮರ್ಥ್ಯ. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವಾಟ್.

ಯಂತ್ರದ ಅಳತೆಗೆ ಕುದುರೆ ಬಂದುದು ಹೇಗೆ ಎಂಬುದು ಸ್ವಾರಸ್ಯವಾದ ಸಂಗತಿ. ಜೇಮ್ಸ್ ವಾಟ್ (1736–1819) ತನ್ನ ಉಗಿಯಂತ್ರಗಳನ್ನು ಮಾರಬೇಕಾಗಿದ್ದ ಕಾಲದಲ್ಲಿ ಕೊಳ್ಳುವವರು ಕುದುರೆಗಳಿಂದ ಕೆಲಸ ತೆಗೆಯುತ್ತಿದ್ದವರು. ಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂದು ಹೇಳಿದರೆ ಮಾತ್ರ ಅವರಿಗೆ ಅರ್ಥವಾಗುತ್ತಿತ್ತು. ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವುದನ್ನು ಆತ ಒಂದು ಕುದುರೆಯ ಕೆಲಸವೆಂದು ಗೊತ್ತುಮಾಡಿದ. ಇಂದಿನ ಅಳತೆಯಲ್ಲಿ ಅದು 746 ವಾಟ್. ಬಡ ಕುದುರೆಗೆ ದಿನವಿಡೀ ಇಷ್ಟು ಮಾಡುವುದು ಕಷ್ಟವೇ! ವಾಟ್ ತೀರಿಕೊಂಡು ಅರುವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, 1882ರಲ್ಲಿ, ಸಾಮರ್ಥ್ಯದ ಮಾನಕ್ಕೆ ಆತನ ಹೆಸರನ್ನೇ ಇಟ್ಟರು.

ಇನ್ನು ಯೂನಿಟು. ಒಂದು ಸಾವಿರ ವಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಖರ್ಚಾಗುವ ಶಕ್ತಿ ಒಂದು ಯೂನಿಟು, ಅಂದರೆ ಒಂದು ಕಿಲೋವಾಟ್-ಗಂಟೆ. ಗಂಟೆಗೆ 3,600 ಸೆಕೆಂಡು. ಆದುದರಿಂದ ಒಂದು ಯೂನಿಟೆಂದರೆ 36 ಲಕ್ಷ ಜೂಲ್. ಸಂಖ್ಯೆ ದೊಡ್ಡದು. ಅದು ಎಷ್ಟು ದೊಡ್ಡದು ಎಂಬುದನ್ನು ಮೈಗೆ ಹತ್ತುವಂತೆ ತಿಳಿಯಬೇಕಾದರೆ ನಮ್ಮ ಹಿರಿಯರ ಕಾಲದ ಏತವನ್ನು ನೆನೆಯಬೇಕು. ದುಡಿದು ಪಳಗಿದ ಒಬ್ಬ ಆಳು ಬಹಳ ಹೊತ್ತು ಒಂದೇ ಸಮನೆ ಕೊಡಬಲ್ಲ ಸಾಮರ್ಥ್ಯ ಸುಮಾರು 75 ವಾಟ್. ಎಂಟು ಗಂಟೆ ಏತದಲ್ಲಿ ನೀರು ಮೊಗೆದರೆ ಆತ ಕೊಟ್ಟ ಶಕ್ತಿ 600 ವಾಟ್-ಗಂಟೆ, ಅಂದರೆ ಅರ್ಧ ಯೂನಿಟಿಗಿಂತ ಸ್ವಲ್ಪ ಹೆಚ್ಚು. ಇತ್ತ ಬಚ್ಚಲುಮನೆಯಲ್ಲಿ ಇಪ್ಪತ್ತು ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ 29 ಲಕ್ಷ ಜೂಲಿಗೂ ಮಿಕ್ಕಿದ್ದು, ಅಂದರೆ 0.8 ಯೂನಿಟು. ಒಬ್ಬ ಆಳಿನ ಇಡೀ ದಿನದ ಬೆವರಿಗಿಂತ ಒಂದು ದೊಡ್ಡ ಬಾಲ್ದಿ ಬಿಸಿನೀರು ಹೆಚ್ಚು ಶಕ್ತಿಯನ್ನು ನುಂಗುತ್ತದೆ! ಹಂಡೆಯ ಒಲೆಗೆ ತೆಂಗಿನ ಸೋಗೆ, ಮಡಲು, ಅಡಿಕೆಯ ಸಿಪ್ಪೆ ಹಾಕುವ ಮನೆಗಳವರು ಬಿಲ್ಲಿನಲ್ಲಿ ಎಷ್ಟು ಉಳಿಸುತ್ತಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ.

ಮೋಟಾರಿನ ಮೇಲೆ ಬರೆದಿರುವ ಎಚ್.ಪಿ. ಅದರ ದಂಡದಲ್ಲಿ ನಮಗೆ ದೊರೆಯುವ ಸಾಮರ್ಥ್ಯವೇ ಹೊರತು ಅದು ತಂತಿಯಿಂದ ಎಳೆದುಕೊಳ್ಳುವ ಸಾಮರ್ಥ್ಯವಲ್ಲ. ಇದನ್ನು ಗಮನದಲ್ಲಿಡಬೇಕು. ಐದು ಎಚ್.ಪಿ. ಎಂದರೆ 3,730 ವಾಟ್. ಮೋಟಾರಿನ ದಕ್ಷತೆ ನೂರಕ್ಕೆ 85 ಆಗಿದ್ದರೆ ಪೂರ್ಣ ಹೊರೆಯಲ್ಲಿ ಅದು ತಂತಿಯಿಂದ ಸುಮಾರು 4,400 ವಾಟ್ ಎಳೆಯುತ್ತದೆ. ದಿನಕ್ಕೆ ಮೂರು ಗಂಟೆ ಓಡಿಸಿದರೆ 13 ಯೂನಿಟು.

ಈಗ ಈ ಪಾಠದ ಮುಖ್ಯ ಮಾತಿಗೆ ಬರೋಣ. ಸಾಮರ್ಥ್ಯಕ್ಕೆ ಯಾವಾಗಲೂ ಎರಡು ಅಂಗಗಳಿರುತ್ತವೆ. ಯಂತ್ರದಲ್ಲಿ ಅವು ಬಲ ಮತ್ತು ವೇಗ. ಎರಡನ್ನೂ ಗುಣಿಸಿದರೆ ವಾಟ್. ವಿದ್ಯುತ್ತಿನಲ್ಲಿ ಅವು ವೋಲ್ಟ್ ಮತ್ತು ಆಂಪಿಯರ್. ಸರಳವಾದ ಮಂಡಲದಲ್ಲಿ ಅವನ್ನು ಗುಣಿಸಿದರೂ ವಾಟ್. ಹಲ್ಲುಚಕ್ರ, ಸರಪಳಿ, ಬೆಲ್ಟು, ಟ್ರಾನ್ಸ್‌ಫಾರ್ಮರು ಇವೆಲ್ಲ ಮಾಡುವ ಕೆಲಸ ಒಂದೇ: ಒಂದು ಅಂಗವನ್ನು ತಗ್ಗಿಸಿ ಇನ್ನೊಂದನ್ನು ಏರಿಸಿ ಕೊಡುವುದು. ಗುಣಲಬ್ಧವನ್ನು ಹೆಚ್ಚಿಸಲು ಇವುಗಳಲ್ಲಿ ಯಾವುದರಿಂದಲೂ ಆಗದು. ಸಾಗಾಟದ ಕೂಲಿಯೆಂದು ಸ್ವಲ್ಪ ಕಡಮೆಯಾಗುವುದೇ ಸಹಜ.

ಮನೆಯಂಗಳದ ಸೈಕಲನ್ನೇ ತೆಗೆದುಕೊಳ್ಳಿ. ಪೆಡಲಿನ ಚಕ್ರದಲ್ಲಿ 48 ಹಲ್ಲು, ಹಿಂದಿನ ಚಿಕ್ಕ ಚಕ್ರದಲ್ಲಿ 18 ಹಲ್ಲು ಎಂದಿಟ್ಟುಕೊಳ್ಳೋಣ (ನಿಮ್ಮ ಸೈಕಲಿನಲ್ಲಿ ಎಷ್ಟೆಂದು ಎಣಿಸಿ ನೋಡಿ). ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಮೆ ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ 2.2 ಮೀಟರಾದರೆ ಸೈಕಲು 5.9 ಮೀಟರು ಮುಂದೆ ಹೋಯಿತು. ಆದರೆ 17 ಸೆಂಟಿಮೀಟರಿನ ಪೆಡಲು ತೋಳಿನ ತುದಿಯಲ್ಲಿ ನಮ್ಮ ಪಾದ ಕ್ರಮಿಸಿದ್ದು 1.07 ಮೀಟರು ಮಾತ್ರ. ದೂರ ಐದೂವರೆ ಪಾಲು ಹೆಚ್ಚಾಯಿತು. ಹಾಗಾದರೆ ಬಲ ಅಷ್ಟೇ ಪಾಲು ಇಳಿದಿರಬೇಕು. ಪಾದ 200 ನ್ಯೂಟನ್ ಒತ್ತಿದರೆ ಗಾಲಿ ರಸ್ತೆಯನ್ನು ತಳ್ಳುವುದು 36 ನ್ಯೂಟನ್ನಿನಿಂದ. ಸಮತಟ್ಟಾದ ದಾರಿಗೆ ಅದು ಧಾರಾಳವಾಯಿತು. ನಮ್ಮೂರಿನ ಗುಡ್ಡದ ಏರಿನಲ್ಲಿ ಮಾತ್ರ ಇಳಿದು ತಳ್ಳಿಕೊಂಡು ಹೋಗಬೇಕಾಗುತ್ತದೆ. ಗಿಯರಿನ ಸೈಕಲಿನವರು ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಸರಪಳಿಯನ್ನು ಬದಲಾಯಿಸಿ, ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆದು ಏರು ಹತ್ತುತ್ತಾರೆ.

ಹಿಟ್ಟಿನ ಮಿಲ್ಲಿನಲ್ಲಿ ನೋಡಬೇಕಾದುದು ಬೆಲ್ಟು. ಹತ್ತು ಎಚ್.ಪಿ.ಯ ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುತ್ತಿದೆ. ಅದರ ರಾಟೆಯ ವ್ಯಾಸ 15 ಸೆಂಟಿಮೀಟರು. ಯಂತ್ರದ ರಾಟೆಯ ವ್ಯಾಸ 45 ಸೆಂಟಿಮೀಟರು. ಯಂತ್ರ ತಿರುಗುವುದು ಮೂರನೆಯ ಒಂದು ಪಾಲು ವೇಗದಿಂದ, ನಿಮಿಷಕ್ಕೆ 480 ಸುತ್ತು. ಬೆಲ್ಟಿನ ವೇಗವನ್ನು ಲೆಕ್ಕ ಹಾಕೋಣ. ಮೋಟಾರು ಸೆಕೆಂಡಿಗೆ 24 ಸುತ್ತು. ರಾಟೆಯ ಸುತ್ತಳತೆ 0.47 ಮೀಟರು, ಬೆಲ್ಟು ಸೆಕೆಂಡಿಗೆ 11.3 ಮೀಟರು ಓಡುತ್ತಿದೆ. 7,460 ವಾಟನ್ನು ಈ ವೇಗದಿಂದ ಭಾಗಿಸಿದರೆ 660 ನ್ಯೂಟನ್. ಬೆಲ್ಟಿನ ಬಿಗಿಯಾದ ಪಾರ್ಶ್ವ ಸಡಿಲವಾದ ಪಾರ್ಶ್ವಕ್ಕಿಂತ ಇಷ್ಟು ಹೆಚ್ಚು ಬಲದಿಂದ ಎಳೆಯುತ್ತಿರುತ್ತದೆ. ಇದೇ ಬಲ ಮೋಟಾರಿನಲ್ಲಿ ಏಳೂವರೆ ಸೆಂಟಿಮೀಟರಿನ ತೋಳಿನ ಮೇಲೆ, ಯಂತ್ರದಲ್ಲಿ ಇಪ್ಪತ್ತೆರಡೂವರೆ ಸೆಂಟಿಮೀಟರಿನ ತೋಳಿನ ಮೇಲೆ ವರ್ತಿಸುವುದರಿಂದ ತಿರುಗಿಸುವ ಪರಿಣಾಮ ಮೂರು ಪಾಲಾಯಿತು. ಸುತ್ತು ಮೂರರಲ್ಲೊಂದು, ತಿರುಗಿಸುವ ಪರಿಣಾಮ ಮೂರು ಪಾಲು: ಲೆಕ್ಕ ಸರಿಹೋಯಿತು.

ಈ ಎರಡು ಸಂಖ್ಯೆಗಳನ್ನು ಇನ್ನೊಂದು ಕಾರಣಕ್ಕಾಗಿಯೂ ನೆನಪಿಡಬೇಕು. ಸೆಕೆಂಡಿಗೆ 11.3 ಮೀಟರೆಂದರೆ ಗಂಟೆಗೆ ನಲುವತ್ತು ಕಿಲೋಮೀಟರು, ಬಸ್ಸಿನ ವೇಗ. 660 ನ್ಯೂಟನ್ ಎಂದರೆ 67 ಕಿಲೋ ತೂಗುವ ಒಬ್ಬ ದೊಡ್ಡ ಮನುಷ್ಯನ ಭಾರ. ಹೆಗಲ ಮೇಲಿನ ಬೈರಾಸೋ, ಸೀರೆಯ ಸೆರಗೋ, ಪಂಚೆಯ ಚುಂಗೋ ರಾಟೆಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಅರೆಕ್ಷಣವೂ ಸಿಗುವುದಿಲ್ಲ. ಬೆಲ್ಟಿಗೆ ಜಾಲರಿಯ ಮುಚ್ಚಳವಿಲ್ಲದ ಮಿಲ್ಲಿನಲ್ಲಿ ಮಕ್ಕಳು ದೂರ ನಿಲ್ಲಬೇಕು. ಮಿಲ್ಲಿನವರಿಗೆ ಮುಚ್ಚಳ ಹಾಕಿಸಿರೆಂದು ಹೇಳುವ ಹಕ್ಕು ಧಾನ್ಯ ಕೊಂಡುಹೋದ ಪ್ರತಿಯೊಬ್ಬರಿಗೂ ಇದೆ.

ಚಪ್ಪಟೆ ಬೆಲ್ಟು ರಾಟೆಯನ್ನು ಹಿಡಿಯುವುದು ಘರ್ಷಣೆಯಿಂದ ಮಾತ್ರ. ಅದನ್ನು ಅಡ್ಡ ಹಾಯಿಸಿ ಎಂಟರ ಅಂಕೆಯಂತೆ ಹಾಕಿದರೆ ಯಂತ್ರ ಹಿಮ್ಮುಖವಾಗಿ ತಿರುಗುತ್ತದೆ. ಈಗ ಹೆಚ್ಚಾಗಿ ಬಳಸುವುದು ಓರೆ ಅಂಚಿನ ವಿ-ಬೆಲ್ಟು. ರಾಟೆಯ ಗಾಡಿಯಲ್ಲಿ ಅದು ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ ಹಿಡಿತ ಹೆಚ್ಚು. ಬಿಗಿ ಸರಿಯಾಗಿದ್ದರೆ ನಷ್ಟ ನೂರಕ್ಕೆ ಐದು ಪಾಲಿನಷ್ಟು. ಸಡಿಲವಾಗಿ ಜಾರುತ್ತಿರುವ ಬೆಲ್ಟು ಬಿಸಿಯಾಗುತ್ತದೆ, ಕಮಟು ವಾಸನೆ ಬರುತ್ತದೆ. ನಾವು ದುಡ್ಡು ಕೊಟ್ಟ ಯೂನಿಟೇ ಹಾಗೆ ವಾಸನೆಯಾಗಿ ಹೋಗುತ್ತಿರುವುದು!

ರಾಟೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೆಲ್ಟಿನಿಂದ ನಡೆಯುವ ಪಂಪಿಗೆ ಮೋಟಾರಿನ ಕಡೆ ಸ್ವಲ್ಪ ದೊಡ್ಡ ರಾಟೆ ಹಾಕಿದರೆ ಪಂಪು ಬೇಗ ತಿರುಗಿ ಹೆಚ್ಚು ನೀರು ಬರುತ್ತದೆ, ಅದಕ್ಕೆ ಖರ್ಚೇನೂ ಇಲ್ಲ ಎಂದು ಭಾವಿಸುವವರಿದ್ದಾರೆ. ನೀರು ಹೆಚ್ಚು ಬರುವುದು ನಿಜ. ಆದರೆ ಕೇಂದ್ರಾಪಗಾಮಿ ಪಂಪಿಗೆ ಬೇಕಾಗುವ ಸಾಮರ್ಥ್ಯ ಸ್ಥೂಲವಾಗಿ ವೇಗದ ಘನದಂತೆ ಏರುತ್ತದೆ. ವೇಗವನ್ನು ನೂರಕ್ಕೆ ಇಪ್ಪತ್ತು ಏರಿಸಿದರೆ 1.2 × 1.2 × 1.2, ಅಂದರೆ 1.73 ಪಾಲು. ಐದು ಎಚ್.ಪಿ.ಯ ಮೋಟಾರಿನಿಂದ ಎಂಟೂವರೆ ಎಚ್.ಪಿ. ಕೇಳಿದಂತಾಯಿತು. ರಾಟೆ ಅದನ್ನು ಎಲ್ಲಿಂದ ತಂದುಕೊಟ್ಟೀತು? ಮೋಟಾರೇ ಕೊಡಬೇಕು, ಕೊಡುತ್ತ ಕೊಡುತ್ತ ಸುಡಬೇಕು. ಮೋಟಾರೂ ಪಂಪೂ ಒಂದೇ ದಂಡದ ಮೇಲಿರುವ ಮೋನೊಬ್ಲಾಕ್ ಬಂದ ಮೇಲೆ ಈ ಪ್ರಯೋಗಗಳು ಕಡಮೆಯಾಗಿವೆ.

ಬೆಲ್ಟು ಕೆಲವು ಮೀಟರುಗಳಾಚೆಗೆ ಸಾಮರ್ಥ್ಯವನ್ನು ಒಯ್ಯಲಾರದು. ನೂರಾರು ಕಿಲೋಮೀಟರು ಒಯ್ಯುವುದು ತಂತಿ. 1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಯಿತು. ಕಾವೇರಿಯ ಧುಮುಕುವಿಕೆ ಗಣಿಯ ಯಂತ್ರಗಳನ್ನು ತಿರುಗಿಸಿತು. ಇಷ್ಟು ದೂರ ಹೋಗಬೇಕಾದರೆ ವೋಲ್ಟೇಜು ಹೆಚ್ಚಿರಲೇಬೇಕು. ಏಕೆಂದು ಚಿಕ್ಕ ಲೆಕ್ಕದಿಂದ ನೋಡೋಣ.

10,000 ವಾಟನ್ನು 2 ಓಮ್ ರೋಧವಿರುವ ತಂತಿಯಲ್ಲಿ ಕಳುಹಿಸಬೇಕಾಗಿದೆ. 230 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 43.5 ಆಂಪಿಯರ್. ತಂತಿಯಲ್ಲಿ ಶಾಖವಾಗಿ ಹೋಗುವುದು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು: 43.5 × 43.5 × 2, ಸುಮಾರು 3,800 ವಾಟ್. ಮೂರನೆಯ ಒಂದು ಪಾಲಿಗೂ ಹೆಚ್ಚು ದಾರಿಯಲ್ಲೇ ಮುಗಿಯಿತು. ಅಷ್ಟನ್ನೇ 11,000 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 0.91 ಆಂಪಿಯರ್, ನಷ್ಟ ಎರಡು ವಾಟ್ ಕೂಡ ಇಲ್ಲ. ನಮ್ಮೂರಿನ ಕಂಬಗಳ ಮೇಲೆ 11,000 ವೋಲ್ಟಿನ ಲೈನು ಬರುವುದೂ, ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟನ್ನು ಇಳಿಸಿ ಆಂಪಿಯರನ್ನು ಏರಿಸಿ ಮನೆಗಳಿಗೆ ಕೊಡುವುದೂ ಇದಕ್ಕಾಗಿಯೇ. ಟ್ರಾನ್ಸ್‌ಫಾರ್ಮರು ವಿದ್ಯುತ್ತಿನ ರಾಟೆ ಎಂದರೆ ತಪ್ಪಾಗದು.

ಟ್ರಾನ್ಸ್‌ಫಾರ್ಮರಿನಿಂದ ದೂರದಲ್ಲಿ, ಲೈನಿನ ಕೊನೆಯಲ್ಲಿ ಇರುವ ತೋಟಗಳ ತೊಂದರೆಯೂ ಈ ಲೆಕ್ಕದೊಳಗೇ ಇದೆ. ಬೇಸಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕಿದಾಗ ತಂತಿಯ ಪ್ರವಾಹ ಹೆಚ್ಚಿ ಕೊನೆಯವನಿಗೆ ವೋಲ್ಟೇಜು ಇಳಿಯುತ್ತದೆ. 415 ವೋಲ್ಟು ಇರಬೇಕಾದಲ್ಲಿ 340 ಇದೆ ಎನ್ನಿ. ಪಂಪು ಕೇಳುವ ಸಾಮರ್ಥ್ಯ ಹೆಚ್ಚು ಕಡಮೆ ಅಷ್ಟೇ. ವೋಲ್ಟು ಇಳಿದುದರಿಂದ ಆಂಪಿಯರು ಏರಲೇಬೇಕು, 1.22 ಪಾಲು. ಸುರುಳಿಯ ಶಾಖ ಅದರ ವರ್ಗ, 1.49 ಪಾಲು, ಅಂದರೆ ಒಂದೂವರೆ ಪಟ್ಟು. ಸ್ಟಾರ್ಟರಿನೊಳಗಿನ ರಿಲೇ ಆಗ ಮೋಟಾರನ್ನು ನಿಲ್ಲಿಸುತ್ತದೆ. “ಇದು ಯಾವಾಗಲೂ ಹಾರುತ್ತದೆ” ಎಂದು ರಿಲೇಯನ್ನು ಕಟ್ಟಿಹಾಕುವುದು, ಫ್ಯೂಸಿಗೆ ದಪ್ಪ ತಂತಿ ಹಾಕುವುದು ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಮೋಟಾರು ಸುಟ್ಟರೆ ಹೊಸ ಸುರುಳಿ ಸುತ್ತಿಸುವ ಖರ್ಚು ಮಾತ್ರವಲ್ಲ, ಉರಿಬಿಸಿಲಿನಲ್ಲಿ ಹತ್ತು ದಿನ ತೋಟಕ್ಕೆ ನೀರಿಲ್ಲ. ನೀರು ಸಾಲದೆಂದು ಲೈನಿನ ಕೊನೆಯಲ್ಲಿ ಇನ್ನೂ ದೊಡ್ಡ ಮೋಟಾರು ಹಾಕಿದರೆ ವೋಲ್ಟೇಜು ಮತ್ತಷ್ಟು ಇಳಿಯುತ್ತದೆ, ತನಗೂ, ನೆರೆಯವನಿಗೂ. ಪಂಪು ಹಾಕುವ ಹೊತ್ತನ್ನು ನಾಲ್ಕು ತೋಟದವರು ಮಾತನಾಡಿಕೊಂಡು ಹಂಚಿಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು, ಖರ್ಚೂ ಇಲ್ಲ.

ಈ ವಿದ್ಯುತ್ತಾದರೂ ಎಲ್ಲಿಂದ ಬರುತ್ತದೆ? ಕೇರಳದ ಜಾಲಕ್ಕೆ ಹೊರರಾಜ್ಯಗಳ ಉಷ್ಣಸ್ಥಾವರಗಳಿಂದಲೂ ಬರುತ್ತದೆ. ನಮ್ಮ ಒಂದು ಯೂನಿಟು ಎಲ್ಲಿಯದು ಎಂದು ಬೆರಳು ಮಾಡಿ ತೋರಿಸಲಾಗದು. ಇಡುಕ್ಕಿಯದು ಎಂದೇ ಇಟ್ಟುಕೊಳ್ಳೋಣ. 1976ರಲ್ಲಿ ಉದ್ಘಾಟನೆಗೊಂಡ ಆ ಯೋಜನೆಯಲ್ಲಿ ಮೂಲಮಟ್ಟಂನ ಭೂಗರ್ಭದ ಸ್ಥಾವರದ ಆರು ಯಂತ್ರಗಳ ಒಟ್ಟು ಸಾಮರ್ಥ್ಯ 780 ಮೆಗಾವಾಟ್. ನೀರು ಅಲ್ಲಿ ಸುಮಾರು 660 ಮೀಟರು ಎತ್ತರದಿಂದ ಇಳಿದು ಬರುತ್ತದೆ. ಅಷ್ಟು ಎತ್ತರದಿಂದ ಒಂದು ಲೀಟರು ಬಿದ್ದರೆ 6,468 ಜೂಲ್. ಒಂದು ಯೂನಿಟಿಗೆ 557 ಲೀಟರು ಸಾಕು. ಯಂತ್ರಗಳ ಮತ್ತು ತಂತಿಗಳ ನಷ್ಟಕ್ಕೆಂದು ಸೇರಿಸಿ 700 ಲೀಟರು ಎನ್ನೋಣ. ಆ ಒಂದು ಯೂನಿಟು ನಮ್ಮ ತೋಟಕ್ಕೆ ಬಂದು, ನಷ್ಟವೇ ಇಲ್ಲದಿದ್ದರೆ, 36,700 ಲೀಟರು ನೀರನ್ನು ಹತ್ತು ಮೀಟರು ಎತ್ತಬೇಕು. ಮೋಟಾರು ಪಂಪುಗಳ ಒಟ್ಟು ದಕ್ಷತೆ ನೂರಕ್ಕೆ ನಲುವತ್ತು ಎಂದಾದರೆ 14,700 ಲೀಟರು. ಅಲ್ಲಿ ಕಡಮೆ ನೀರು ಬಹಳ ಎತ್ತರದಿಂದ ಇಳಿಯಿತು. ಇಲ್ಲಿ ಬಹಳ ನೀರು ಕಡಮೆ ಎತ್ತರಕ್ಕೆ ಏರಿತು. ಪುನಃ ಅದೇ ವಿನಿಮಯ! ಆದರೆ ಲೀಟರನ್ನು ಮೀಟರಿನಿಂದ ಗುಣಿಸಿ ನೋಡಿ: ಅಲ್ಲಿ 4,62,000, ಇಲ್ಲಿ 1,47,000. ಮೂರನೆಯ ಒಂದು ಪಾಲೂ ತಲಪಲಿಲ್ಲ.

ನಮ್ಮ ಕೈಯಲ್ಲಿರುವುದು ತೋಟದೊಳಗಿನ ನಷ್ಟ. ಅದನ್ನು ಮನೆಯಲ್ಲೇ ಅಳೆಯಬಹುದು. ತಂತಿಯನ್ನಾಗಲಿ ಸ್ಟಾರ್ಟರನ್ನಾಗಲಿ ಮುಟ್ಟಬೇಕಾಗಿಲ್ಲ. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಪಂಪಿನ ಮೀಟರಿನ ಮೇಲೆ ಒಂದು ಯೂನಿಟಿಗೆ ಚಿಕ್ಕ ದೀಪ ಎಷ್ಟು ಬಾರಿ ಮಿನುಗುತ್ತದೆ ಎಂದು ಬರೆದಿರುತ್ತದೆ. 800 ಎಂದಿದೆ ಎನ್ನಿ. ಪಂಪು ಮಾತ್ರ ಓಡುತ್ತಿರುವಾಗ ನಿಮಿಷಕ್ಕೆ 37 ಬಾರಿ ಮಿನುಗಿದರೆ ಗಂಟೆಗೆ 2,220. 800ರಿಂದ ಭಾಗಿಸಿದರೆ 2.8 ಕಿಲೋವಾಟ್. ಇದು ನಾವು ಕೊಟ್ಟದ್ದು. ಇನ್ನು ಪಡೆದುದು: 200 ಲೀಟರಿನ ಡ್ರಮ್ಮು 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರು. ಬಾವಿಯ ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗಿನ ಎತ್ತರ 25 ಮೀಟರಾದರೆ 5 × 9.8 × 25, ಅಂದರೆ 1,225 ವಾಟ್. ನೂರಕ್ಕೆ 44 ಪಾಲು. ಇದು ಪರವಾಗಿಲ್ಲ ಎನ್ನಬಹುದಾದ ಪಂಪು. ನಿಮ್ಮ ಲೆಕ್ಕದಲ್ಲಿ ಮೂವತ್ತಕ್ಕಿಂತ ಕೆಳಗೆ ಬಂದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ, ಬೇರಿಂಗು ಸದ್ದು ಮಾಡುತ್ತಿದೆಯೇ ಎಂದು ತಂದೆಯವರೊಡನೆ ನೋಡಿ. ಪೈಪನ್ನೂ ನೋಡಿ. ಎರಡೂವರೆ ಇಂಚಿನ ಪೈಪು ಇರಬೇಕಾದಲ್ಲಿ ಎರಡು ಇಂಚಿನದನ್ನು ಹಾಕಿದರೆ, ಅಷ್ಟೇ ನೀರು ಸಾಗಬೇಕಾದಲ್ಲಿ, ಪೈಪಿನೊಳಗಿನ ಘರ್ಷಣೆಯ ನಷ್ಟ ಸುಮಾರು ಮೂರು ಪಾಲಾಗುತ್ತದೆ. ಕೊಳ್ಳುವಾಗ ಒಮ್ಮೆ ಉಳಿಸಿದ ಹಣ ಪ್ರತಿ ಬಿಲ್ಲಿನಲ್ಲೂ ಹೋಗುತ್ತಿರುತ್ತದೆ.

ಬಂದ ಸಂಖ್ಯೆಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬೇಸಗೆಯ ರಜೆ ಮುಗಿದು ಶಾಲೆ ತೆರೆದಾಗ ಯಾರ ತೋಟದ ಪಂಪು ಎಷ್ಟು ಪಾಲು ಕೊಡುತ್ತದೆ ಎಂದು ತರಗತಿಯಲ್ಲಿ ಹೋಲಿಸಿ ನೋಡೋಣ.